ಹಿಮ ಬೀಳದ ಬೆಂಗಳೂರಿನಲ್ಲಿ ಚಳಿಯ ಫೋಟೋ ತೆಗೆಯೋದು ಹೇಗೆ?

ಪ್ರಶ್ನೆ: ನ್ಯೂಯಾರ್ಕ್, ದೆಹಲಿಯ ಚಳಿಗಾಲದ ಫೋಟೋ ನೋಡಿದ ಕೂಡಲೇ ಚಳಿ ಗೊತ್ತಾಗುತ್ತದೆ. ನಾನು ಡಿಸೆಂಬರ್‌ನಲ್ಲಿ ಬೆಳಗ್ಗೆ ಬೇಗ ಎದ್ದು, ನಡುಗುತ್ತಾ ಹೋಗಿ ತೆಗೆದ ಬೆಂಗಳೂರಿನ ಫೋಟೋಗಳು ಮಾತ್ರ ಮೇ ತಿಂಗಳಲ್ಲಿ ತೆಗೆದ ಹಾಗೆ ಕಾಣುತ್ತವೆ. ನಮ್ಮೂರಿನ ಚಳಿ ಫೋಟೋದಲ್ಲಿ ಯಾಕೆ ಬರೋದಿಲ್ಲ? ಇದಕ್ಕೆ ಫೋನ್ ಸಾಕಾ, ಕ್ಯಾಮೆರಾ ಬೇಕಾ?

ಉತ್ತರ: ಬರುತ್ತದೆ, ಖಂಡಿತ ಬರುತ್ತದೆ. ನೀವು ಬಹುಶಃ ಅದನ್ನು ಆಕಾಶದಲ್ಲಿ, ಮರದಲ್ಲಿ, ಲಾಲ್‌ಬಾಗ್ ಕೆರೆಯ ಮಂಜಿನಲ್ಲಿ ಹುಡುಕುತ್ತಿದ್ದೀರಿ. ಬೆಂಗಳೂರಿನ ಚಳಿ ಇರುವುದು ಜನರ ಮೈಮೇಲೆ. ಅದರಲ್ಲೂ ಕೈಯಲ್ಲಿ. ನಾನು ಚಳಿಗಾಲದಲ್ಲಿ ಕ್ಯಾಮೆರಾ ಹಿಡಿದು ಹೊರಟರೆ ಮೊದಲು ನೋಡುವುದೇ ಕೈಗಳನ್ನು.

ನಮ್ಮ ಚಳಿ ಎಂಥದ್ದು ಅಂತ ಮೊದಲು ಸ್ವಲ್ಪ ತಿಳಿದುಕೊಳ್ಳೋಣ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಬೆಳಗಿನ ಜಾವ ಸಾಮಾನ್ಯವಾಗಿ 15, 16 ಡಿಗ್ರಿ ಇರುತ್ತದೆ, ಮಧ್ಯಾಹ್ನದ ಹೊತ್ತಿಗೆ 27ರ ಆಸುಪಾಸು. ದಾಖಲೆಯಲ್ಲಿರುವ ಅತಿ ಕಡಿಮೆ ಅಂದರೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಮೋಡವಿಲ್ಲದ ರಾತ್ರಿಯಲ್ಲಿ ನೆಲದ ಕಾವೆಲ್ಲ ಬೇಗ ಮೇಲಕ್ಕೆ ಹೋಗಿಬಿಡುತ್ತದೆ, ಬಿಸಿಲು ಬಂದರೆ ಅಷ್ಟೇ ಬೇಗ ವಾಪಸ್ ಬರುತ್ತದೆ. ಹಾಗಾಗಿ ಚಳಿ ಅತಿ ಜಾಸ್ತಿ ಇರುವುದು ಸೂರ್ಯ ಹುಟ್ಟುವ ಸುತ್ತಮುತ್ತಲಿನ ಹೊತ್ತಿನಲ್ಲಿ. ಒಂಬತ್ತು ಗಂಟೆಗೆ ಮನೆಯಿಂದ ಹೊರಟರೆ ನಿಮಗೆ ಸಿಗುವುದು ಸೊಂಟಕ್ಕೆ ಕಟ್ಟಿಕೊಂಡ ಸ್ವೆಟರ್ ಮಾತ್ರ.

ಇನ್ನೊಂದು ವಿಷಯ. ಡಿಸೆಂಬರ್ 21ರ ನಂತರ ಬೆಳಗಾಗುವುದು ಬೇಗ ಆಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲಿ ಹಾಗಲ್ಲ. ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದು ಸುಮಾರು 6:40ಕ್ಕೆ, ಜನವರಿಯ ಮೂರನೇ ವಾರಕ್ಕೆ ಅದು 6:45 ದಾಟುತ್ತದೆ. ಅಂದರೆ ಸಂಕ್ರಾಂತಿ ಕಳೆದ ಮೇಲೂ ಬೆಳಗಿನ ಕತ್ತಲು ನಿಮಗೆ ಧಾರಾಳವಾಗಿ ಸಿಗುತ್ತದೆ. ಆರು ಗಂಟೆಗೆ ಕೆಲಸಕ್ಕೆ ಹೊರಟವರೆಲ್ಲ ಆ ಕತ್ತಲಲ್ಲೇ ಓಡಾಡುತ್ತಿರುತ್ತಾರೆ.

ಈಗ ಕೈಗಳ ವಿಷಯಕ್ಕೆ ಬರುತ್ತೇನೆ.

ಬೆಳಗ್ಗೆ ಐದರ ಹೊತ್ತಿಗೆ ಕೆ.ಆರ್. ಮಾರ್ಕೆಟ್‌ಗೆ ಹೋಗಿ. ಎಲ್ಲರೂ ಮೆಟ್ಟಿಲು ಹತ್ತಿ ಮೇಲಿನಿಂದ ಹೂವಿನ ರಾಶಿಯ ಫೋಟೋ ತೆಗೆಯುತ್ತಾರೆ. ಚೆನ್ನಾಗಿಯೇ ಇರುತ್ತದೆ, ಆದರೆ ಆ ಫೋಟೋ ಯಾವ ತಿಂಗಳದ್ದೂ ಆಗಿರಬಹುದು. ಕೆಳಗೇ ಇರಿ. ಹೂವು ಬಾಡದಿರಲಿ ಅಂತ ಮಾರುವವರು ಆಗಾಗ ನೀರು ಚಿಮುಕಿಸುತ್ತಲೇ ಇರುತ್ತಾರೆ, ಆ ತಣ್ಣೀರು ಬೆರಳಿನಲ್ಲಿ ಕಾಣುತ್ತದೆ. ಬೆರಳ ತುದಿ ಸುಕ್ಕಾಗಿರುತ್ತದೆ. ಮೊಳ ಹಾಕಿ ಕೊಟ್ಟ ಕೈ ತಕ್ಷಣ ಶಾಲಿನೊಳಗೆ ಹೋಗುತ್ತದೆ, ಮತ್ತೆ ಗಿರಾಕಿ ಬಂದಾಗ ಹೊರಗೆ. ಟೀ ಬಂದರೆ ಕುಡಿಯುವುದಕ್ಕಿಂತ ಮೊದಲು ಎರಡೂ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂರುತ್ತಾರೆ. ಬೇಸಿಗೆಯಲ್ಲಿ ಯಾರೂ ಲೋಟವನ್ನು ಹಾಗೆ ಹಿಡಿಯೋದಿಲ್ಲ, ಅಲ್ವಾ? ಅದು ಚಳಿಯ ಫೋಟೋ.

ಬುಟ್ಟಿಯಲ್ಲಿರುವ ಹೂವು ಕೂಡ ತಿಂಗಳನ್ನು ಹೇಳುತ್ತದೆ. ಚಳಿ ಬಿದ್ದರೆ ಮಲ್ಲಿಗೆಯ ಇಳುವರಿ ಕಡಿಮೆ, ರೇಟು ಗಗನಕ್ಕೆ. ಆ ಜಾಗಕ್ಕೆ ಕಾಕಡ ಬರುತ್ತದೆ, ಸೇವಂತಿಗೆ ರಾಶಿ ಬೀಳುತ್ತದೆ. ಹೊರಗಿನವರಿಗೆ ಇದು ಗೊತ್ತಾಗದೇ ಇರಬಹುದು. ನಮ್ಮ ಮನೆಯ ಹೆಂಗಸರಿಗೆ ಫೋಟೋ ತೋರಿಸಿ, ಒಂದೇ ನೋಟಕ್ಕೆ ಇದು ಧನುರ್ಮಾಸ ಅಂದುಬಿಡುತ್ತಾರೆ. ನನಗೆ ಆ ನೋಟ ಮುಖ್ಯ.

ಅವರೆಕಾಯಿಯೂ ಹಾಗೇ. ಮಾಗಡಿ ಕಡೆಯಿಂದ ಅವರೆ ಬರಲು ಶುರುವಾದರೆ ರಸ್ತೆಬದಿಯಲ್ಲಿ ಗೋಣಿಚೀಲಗಳು ಬಾಯಿ ತೆರೆದು ಕೂರುತ್ತವೆ. ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ ಅಂತ ಮಾರುವವರೂ ಕೊಳ್ಳುವವರೂ ಹೇಳುತ್ತಾರೆ. ಸೊಗಡನ್ನು ಫೋಟೋದಲ್ಲಿ ಹಿಡಿಯಲು ಆಗುವುದಿಲ್ಲ, ಆದರೆ ಕಾಯಿ ಎತ್ತಿ ಮೂಗಿನ ಹತ್ತಿರ ಹಿಡಿಯುವ ಗಿರಾಕಿಯನ್ನು ಹಿಡಿಯಬಹುದು. ಮನೆಯಲ್ಲಂತೂ ಇನ್ನೂ ಸುಲಭ: ರಾತ್ರಿ ನೆನೆಸಿದ ಕಾಳನ್ನು ಮುಂದಿಟ್ಟುಕೊಂಡು, ಟಿ.ವಿ. ನೋಡುತ್ತಾ, ಮಾತಾಡುತ್ತಾ ಎರಡು ಬೆರಳಲ್ಲಿ ಹಿತಕುತ್ತಾ ಕೂತ ಅಜ್ಜಿ, ಸಿಪ್ಪೆ ಒಂದು ಕಡೆ ಬೇಳೆ ಒಂದು ಕಡೆ. ಇಂಥ ಫೋಟೋ ತೆಗೆಯೋಕೆ ಬೇಗ ಏಳಬೇಕಾಗಿಯೂ ಇಲ್ಲ.

ನಿಮ್ಮ ಬೀದಿಯಲ್ಲೇ ಇನ್ನೂ ಎಷ್ಟೋ ಇದೆ. ಮಂಕಿ ಕ್ಯಾಪ್ ಹಾಕಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಮಡಚಿ ಕೂತ ಸೆಕ್ಯೂರಿಟಿಯವರು. ನಂದಿನಿ ಹಾಲಿನ ಕ್ರೇಟು ಇಳಿಸುವವರು. ಕಪ್ಪು ಪಂಚೆ ಉಟ್ಟು, ತಣ್ಣೀರು ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಪೂಜೆಗೆ ನಿಂತ ಅಯ್ಯಪ್ಪ ಮಾಲಾಧಾರಿಗಳು. ಪೊರಕೆ ಹಿಡಿದ ಕೈಗೆ ಹಳೇ ಸಾಕ್ಸ್ ತೊಟ್ಟ ಪೌರಕಾರ್ಮಿಕರು. ದರ್ಶಿನಿ ಮುಂದೆ ದಪ್ಪ ಜಾಕೆಟ್ ಹಾಕಿದ ನಮ್ಮೂರಿನವರ ಪಕ್ಕದಲ್ಲೇ ಬರೀ ಟೀ ಶರ್ಟ್‌ನಲ್ಲಿ ನಿಂತ ಉತ್ತರದ ಹುಡುಗ, ಇಬ್ಬರ ಕೈಯಲ್ಲೂ ಬೈಟು ಕಾಫಿ. ಬೆಂಗಳೂರಿನ ಚಳಿಗಾಲವನ್ನು ಒಂದೇ ಫೋಟೋದಲ್ಲಿ ಹೇಳಬೇಕು ಅಂದರೆ ನಾನು ಈ ಕೊನೆಯದನ್ನೇ ಆರಿಸುತ್ತೇನೆ.

ಆದರೆ ಇವರೆಲ್ಲ ಚಳಿಯಲ್ಲಿ ಹೊರಗಿರುವುದು ಕೆಲಸಕ್ಕಾಗಿ, ನಮ್ಮ ಫೋಟೋಗಾಗಿ ಅಲ್ಲ. ಈ ವಿಷಯದಲ್ಲಿ ನಾನು ಸ್ವಲ್ಪ ಖಂಡಿತವಾದಿ. ಬೋಣಿ ಆಗುವ ತನಕ ವ್ಯಾಪಾರಿಯ ಮುಂದೆ ಕ್ಯಾಮೆರಾ ಎತ್ತಬೇಡಿ. ಒಂದು ಮೊಳ ಹೂವು ತಗೊಳ್ಳಿ, ಮಾತಾಡಿಸಿ, "ಅಕ್ಕಾ, ಒಂದು ಫೋಟೋ ತೆಗೀಲಾ?" ಅಂತ ಕೇಳಿ. ಬೇಡ ಅಂದರೆ ಬೇಡ. ಕೇಳಿದರೆ ಸಹಜತೆ ಹೋಗುತ್ತದೆ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಒಪ್ಪಿಗೆ ಕೊಟ್ಟ ಮೇಲೆ ಎರಡು ನಿಮಿಷಕ್ಕೆ ಅವರು ನಿಮ್ಮನ್ನು ಮರೆತು ಕೆಲಸಕ್ಕೆ ಮರಳುತ್ತಾರೆ, ಆಮೇಲೆ ಸಿಗುವ ಫೋಟೋ ಕದ್ದು ತೆಗೆದದ್ದಕ್ಕಿಂತ ಯಾವಾಗಲೂ ಚೆನ್ನಾಗಿರುತ್ತದೆ. ಫುಟ್‌ಪಾತ್‌ನಲ್ಲಿ ಕಂಬಳಿ ಹೊದ್ದು ಮಲಗಿದವರನ್ನು ತೆಗೆಯಲೇಬೇಡಿ. ಅವರನ್ನು ಕೇಳುವ ದಾರಿಯೇ ಇಲ್ಲ.

ಇನ್ನು ಚಂಡಮಾರುತದ ದಿನಗಳು. ನವೆಂಬರ್, ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಏನಾದರೂ ಎದ್ದರೆ ನಮಗೆ ಇಡೀ ದಿನ ಮೋಡ, ಜಿನುಗು ಮಳೆ, ಗಾಳಿ. 2022ರ ಡಿಸೆಂಬರ್‌ನಲ್ಲಿ ಮ್ಯಾಂಡಸ್ ಬಂದಾಗ ಹೇಗಿತ್ತು ನೆನಪಿದೆಯಾ? ರಾತ್ರಿಯ ಉಷ್ಣಾಂಶ ಅಷ್ಟೇನೂ ಇಳಿಯುವುದಿಲ್ಲ, ಹಗಲು ಮಾತ್ರ ಏರುವುದೇ ಇಲ್ಲ, ಅದಕ್ಕೇ ಮೈ ನಡುಗುವುದು. ಆ ದಿನ ಬಿ.ಎಂ.ಟಿ.ಸಿ. ಬಸ್ಸು ಹತ್ತಿ. ಒಳಗಿನವರ ಉಸಿರಿಗೆ ಕಿಟಕಿಯ ಗಾಜೆಲ್ಲ ಮಬ್ಬಾಗಿರುತ್ತದೆ, ಯಾರೋ ಬೆರಳಲ್ಲಿ ಒರೆಸಿ ಸ್ಟಾಪ್ ಯಾವುದು ಅಂತ ನೋಡುತ್ತಾರೆ. ನ್ಯೂಯಾರ್ಕ್‌ನ ಛಾಯಾಗ್ರಾಹಕ ಸಾಲ್ ಲೈಟರ್ ದಶಕಗಳ ಕಾಲ ತಮ್ಮ ಮನೆಯ ಸುತ್ತಲಿನ ಬೀದಿಗಳಲ್ಲೇ ಇಂಥ ಮಬ್ಬು ಗಾಜಿನ ಮೂಲಕ ಚಳಿಗಾಲವನ್ನು ಬಣ್ಣದಲ್ಲಿ ತೆಗೆದರು. ನೀವು ಮೆಚ್ಚಿದ ನ್ಯೂಯಾರ್ಕ್ ಫೋಟೋಗಳಲ್ಲಿ ಅವರದ್ದೂ ಇರಬಹುದು. ಆ ಗಾಜು ನಮ್ಮಲ್ಲೂ ಇದೆ, ಹಿಮ ಬೇಕಾಗಿಲ್ಲ.

ಬೇಗ ಏಳೋಕೆ ಆಗದವರಿಗೆ ಮಧ್ಯಾಹ್ನದಲ್ಲೂ ಒಂದು ಸುಳಿವಿದೆ: ನೆರಳು. ಏಪ್ರಿಲ್ ಕೊನೆಯ ವಾರದಲ್ಲಿ ಬೆಂಗಳೂರಿನ ನಡುಹಗಲಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಬರುವುದರಿಂದ ನೆರಳು ಕಾಲಡಿ ಸೇರಿಬಿಡುತ್ತದೆ. ಡಿಸೆಂಬರ್‌ನಲ್ಲಿ ಅದೇ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 53 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ, ಐದೂವರೆ ಅಡಿ ಮನುಷ್ಯನಿಗೆ ಮಧ್ಯಾಹ್ನವೂ ನಾಲ್ಕು ಅಡಿ ನೆರಳು. ಬಸವನಗುಡಿ ಕಡಲೆಕಾಯಿ ಪರಿಷೆಯಲ್ಲಿ, ಅಂದರೆ ಕಾರ್ತಿಕ ಮಾಸದ ಕೊನೆಯ ಸೋಮವಾರದ ಸುತ್ತ, ಕಾಯಿ ರಾಶಿಗಳ ಮೇಲೆ ಜನರ ನೆರಳು ಉದ್ದಕ್ಕೆ ಬಿದ್ದಿರುತ್ತದೆ, ಅಲ್ಲಿ ಮಧ್ಯಾಹ್ನವೂ ಕೆಲಸ ಮಾಡಬಹುದು.

ಫೋನ್ ಸಾಕಾ ಅಂದಿರಿ. ಸಾಕು. ಆದರೆ ಅದು ತಾನಾಗೇ ಮಾಡುವ ಎರಡು ಕೆಲಸಗಳನ್ನು ತಡೆಯಬೇಕು. ಮೊದಲನೆಯದು ಬಣ್ಣ ಸರಿಮಾಡುವುದು. ನಸುಕಿನ ನೀಲಿಯನ್ನು ಫೋನು ತಪ್ಪು ಅಂದುಕೊಂಡು ತೆಗೆದುಹಾಕುತ್ತದೆ, ನಿಮ್ಮ ಡಿಸೆಂಬರ್ ಮೇ ತಿಂಗಳಾಗಲು ಇದೇ ದೊಡ್ಡ ಕಾರಣ. ಕ್ಯಾಮೆರಾದ ಪ್ರೊ ಮೋಡ್‌ಗೆ ಹೋಗಿ ವೈಟ್ ಬ್ಯಾಲೆನ್ಸನ್ನು, ಅಂದರೆ ಬಣ್ಣ ಸರಿಮಾಡುವ ಸೆಟ್ಟಿಂಗನ್ನು, 5200, 5500 ಕೆಲ್ವಿನ್ (K) ಹತ್ತಿರ ನಿಲ್ಲಿಸಿ. ಆಗ ಆಕಾಶ ನೀಲಿಯಾಗಿಯೇ ಉಳಿಯುತ್ತದೆ, ಗಾಡಿಯ ಹಳದಿ ಬಲ್ಬು ಹಳದಿಯಾಗಿಯೇ ಉಳಿಯುತ್ತದೆ. ಎರಡೂ ಅಕ್ಕಪಕ್ಕ ಬಂದರೆ ನೋಡಿದವರಿಗೆ ಚಳಿ ತಾನಾಗಿ ಗೊತ್ತಾಗುತ್ತದೆ. ಎರಡನೆಯದು ನೈಟ್ ಮೋಡ್. ಅದು ಹಲವು ಫ್ರೇಮುಗಳನ್ನು ಸೇರಿಸಿ ಒಂದು ಫೋಟೋ ಮಾಡುವುದರಿಂದ ಅಲ್ಲಾಡುವ ಕೈಗಳು ಕಲಸಿಹೋಗುತ್ತವೆ, ಅದನ್ನು ಆಫ್ ಮಾಡಿ. ಸ್ವಲ್ಪ ಕತ್ತಲಾಗಿ ಬಂದರೂ ಪರವಾಗಿಲ್ಲ.

ಹಬೆ ಬೇಕಿದ್ದರೆ ಇಡ್ಲಿ ಪಾತ್ರೆಯ ಈಚೆ ನಿಂತು, ಆಚೆಯಿಂದ ಬೆಳಕು ಬರುವಂತೆ ನೋಡಿಕೊಳ್ಳಿ, ಹಿಂದೆ ಕಪ್ಪು ಗೋಡೆಯೋ ನೆರಳೋ ಇರಲಿ. ನಿಮ್ಮ ಬೆನ್ನ ಹಿಂದಿನಿಂದ ಬೆಳಕು ಬಿದ್ದರೆ ಹಬೆ ಕಾಣುವುದೇ ಇಲ್ಲ. ಮಂಜಿನಲ್ಲಾದರೆ ಎಕ್ಸ್‌ಪೋಷರನ್ನು, ಅಂದರೆ ಫೋಟೋದ ಬೆಳಕನ್ನು, ಸ್ವಲ್ಪ ಮೇಲಕ್ಕೆ ಎಳೆಯಿರಿ, ಇಲ್ಲದಿದ್ದರೆ ಬಿಳಿ ಮಂಜು ಬೂದಿ ಬಣ್ಣಕ್ಕೆ ತಿರುಗುತ್ತದೆ.