ವೇದಿಕೆಯ ಮೇಲೆ ಬೇಸ್ ಗಿಟಾರ್ ಏಕೆ ಕೇಳಿಸುವುದಿಲ್ಲ?

ನನ್ನ ಬಳಿ ಬೇಸ್ ಗಿಟಾರ್ ಕಲಿಯಲು ಬರುವವರಲ್ಲಿ ಬಹುತೇಕರು ಮೊದಲ ವೇದಿಕೆ ಕಾರ್ಯಕ್ರಮ ಮುಗಿಸಿ ಬಂದ ಮೇಲೆ ಒಂದೇ ದೂರು ಹೇಳುತ್ತಾರೆ: ಮನೆಯಲ್ಲಿ ಕೋಣೆ ತುಂಬುವಂತೆ ಕೇಳಿಸುತ್ತಿದ್ದ ವಾದ್ಯ ವೇದಿಕೆಯ ಮೇಲೆ ಕಳೆದೇ ಹೋಯಿತು, ಸದ್ದು ಇತ್ತು, ಆದರೆ ಸ್ವರ ಇರಲಿಲ್ಲ. ಆ ದೂರಿನ ಬೆನ್ನಿಗೇ ಹೊಸ ಗಿಟಾರ್ ಕೊಳ್ಳುವ ಯೋಚನೆಯೂ ಬಂದಿರುತ್ತದೆ. ಇಪ್ಪತ್ತೈದು ವರ್ಷಗಳಿಂದ ಬೆಂಗಳೂರಿನ ಸ್ಟುಡಿಯೊಗಳಲ್ಲಿ, ಸುಗಮ ಸಂಗೀತದ ಸಭೆಗಳಲ್ಲಿ, ಗಣೇಶೋತ್ಸವ ಮತ್ತು ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ ಈ ವಾದ್ಯವನ್ನು ನುಡಿಸಿಕೊಂಡು ಬಂದಿರುವ ನನಗೆ, ಈ ದೂರಿಗೆ ಗಿಟಾರೇ ಕಾರಣವಾಗಿದ್ದ ಸಂದರ್ಭಗಳು ನೆನಪಿಗೆ ಬರುವುದು ತೀರ ಕಡಿಮೆ. ಕಾರಣ ಸಾಮಾನ್ಯವಾಗಿ ಆಂಪ್ಲಿಫೈಯರಿನ (ಆಂಪ್) ನಾಬ್‌ಗಳಲ್ಲಿ, ಅದರ ಶಕ್ತಿಯಲ್ಲಿ, ಅದನ್ನು ಇಟ್ಟ ಜಾಗದಲ್ಲಿ, ಕೊನೆಗೆ ನುಡಿಸುವವರ ಎರಡು ಕೈಗಳಲ್ಲಿ ಇರುತ್ತದೆ.

ಮೊದಲು ನಾಬ್‌ಗಳ ಮಾತು. ಮನೆಯಲ್ಲಿ ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ಸಣ್ಣ ದನಿಯಲ್ಲಿ ನುಡಿಸುವಾಗ ನಮ್ಮ ಕಿವಿ ಮಂದ್ರ ಸ್ವರಗಳನ್ನು ಸರಿಯಾಗಿ ಗ್ರಹಿಸುವುದಿಲ್ಲ. ಸದ್ದು ಕಡಿಮೆಯಿದ್ದಷ್ಟೂ ಕಿವಿ ತಗ್ಗಿನ ಸ್ವರಗಳಿಗೆ ಮಂದವಾಗುತ್ತದೆ ಎಂಬುದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಾಗಿ ಮನೆಯಲ್ಲಿ ಎಲ್ಲರೂ 'ಬೇಸ್' ನಾಬನ್ನು ಏರಿಸುತ್ತಾರೆ, ನಡುವಿನ 'ಮಿಡ್' ನಾಬನ್ನು ಇಳಿಸುತ್ತಾರೆ, ಆ ಸದ್ದು ಕೋಣೆಯಲ್ಲಿ ನಿಜಕ್ಕೂ ಸೊಗಸಾಗಿಯೇ ಇರುತ್ತದೆ. ಅದೇ ನಾಬ್‌ಗಳನ್ನು ಅಲುಗಿಸದೆ ವೇದಿಕೆಗೆ ಹೋಗಿ ವಾಲ್ಯೂಮ್ ಮಾತ್ರ ಹೆಚ್ಚಿಸಿದರೆ, ಕಿವಿಯ ಮಂದತೆ ಕಳೆದು, ಏರಿಸಿಟ್ಟಿದ್ದ ಮಂದ್ರವೆಲ್ಲ ಗುಡುಗಿನಂತೆ ಉರುಳತೊಡಗುತ್ತದೆ, ಸ್ವರವನ್ನು ಗುರುತಿಸಲು ಬೇಕಾಗಿದ್ದ ನಡುಭಾಗವೋ ಅಲ್ಲಿ ಇರುವುದೇ ಇಲ್ಲ.

ನಡುಭಾಗ ಏಕೆ ಅಷ್ಟು ಮುಖ್ಯ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾಲ್ಕು ತಂತಿಯ ಬೇಸ್ ಗಿಟಾರಿನ ಅತ್ಯಂತ ದಪ್ಪ ತಂತಿಯಾದ 'ಇ' ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ, ಅಂದರೆ 41 ಹರ್ಟ್ಸ್. ಆದರೆ ತಂತಿ ಒಂದೇ ವೇಗದಲ್ಲಿ ಕಂಪಿಸುವುದಿಲ್ಲ, 82, 124, 165 ಹೀಗೆ ಅದರ ಗುಣಕಗಳಲ್ಲಿ ಉಪಸ್ವರಗಳೂ ಜೊತೆಯಲ್ಲೇ ಹುಟ್ಟುತ್ತವೆ. ಮೂಲ ಸ್ವರವನ್ನು ಸ್ಪೀಕರ್ ಹೊರಡಿಸದಿದ್ದರೂ, ಮೇಲಿನ ಉಪಸ್ವರಗಳ ನಡುವಿನ ಅಂತರವನ್ನು ಹಿಡಿದು ನಮ್ಮ ಮಿದುಳು ಮೂಲವನ್ನು ತಾನೇ ಊಹಿಸಿಕೊಳ್ಳುತ್ತದೆ. ಅಂಗೈಯಗಲದ ಮೊಬೈಲ್ ಫೋನಿನಲ್ಲಿ ಹಾಡು ಕೇಳುವಾಗಲೂ ಬೇಸ್ ಯಾವ ಸ್ವರ ನುಡಿಸುತ್ತಿದೆ ಎಂದು ತಿಳಿಯುವುದು ಈ ಕಾರಣಕ್ಕೆ. ವಾದ್ಯಗಳು ತುಂಬಿದ ವೇದಿಕೆಯಲ್ಲಿ ಬೇಸ್ 'ಕೇಳಿಸಬೇಕು' ಎಂದರೆ ಸುಮಾರು 200ರಿಂದ 800 ಹರ್ಟ್ಸ್‌ವರೆಗಿನ ಈ ನಡುಭಾಗ ಕೇಳಿಸಬೇಕು ಎಂದೇ ಅರ್ಥ. ನಾನು ವೇದಿಕೆಯಲ್ಲಿ ಎಲ್ಲ ನಾಬ್‌ಗಳನ್ನೂ ನಡುವಿಗೆ ತಂದು ಶುರುಮಾಡುತ್ತೇನೆ, ಸ್ವರ ಕಾಣದಿದ್ದರೆ ಮಿಡ್ ಅನ್ನು ಸ್ವಲ್ಪ ಏರಿಸುತ್ತೇನೆ, ಬೇಸ್ ನಾಬನ್ನು ಏರಿಸಿದ ಕಾರ್ಯಕ್ರಮಗಳಿಗಿಂತ ಇಳಿಸಿದ ಕಾರ್ಯಕ್ರಮಗಳೇ ಹೆಚ್ಚು. ಒಬ್ಬರೇ ನುಡಿಸುವಾಗ ಈ ಸದ್ದು ತುಸು ಒರಟಾಗಿ, ಮೂಗಿನಲ್ಲಿ ಹಾಡಿದಂತೆ ಕೇಳಿಸುತ್ತದೆ, ಅದಕ್ಕೆ ಅಂಜಬಾರದು. ಡ್ರಮ್ಸ್, ಕೀಬೋರ್ಡ್ ಸೇರಿಕೊಂಡ ಮೇಲೆ ಆ ಒರಟುತನವೇ ಸ್ವರದ ಅಂಚಾಗುತ್ತದೆ.

ಬೇಸ್ ನಾಬಿಗೆ ಇನ್ನೊಂದು ಬೆಲೆಯೂ ಇದೆ. ಸದ್ದನ್ನು 3 ಡೆಸಿಬೆಲ್ ಏರಿಸಲು ಆಂಪಿನ ಶಕ್ತಿ ಇಮ್ಮಡಿಯಾಗಬೇಕು, ಕಿವಿಗೆ 'ಎರಡರಷ್ಟು ಜೋರು' ಅನ್ನಿಸಲು ಸುಮಾರು ಹತ್ತು ಪಟ್ಟು ಬೇಕು. ಅಂದರೆ 50 ವ್ಯಾಟ್‌ನ ಆಂಪ್ ಮಾರಿ 100 ವ್ಯಾಟ್‌ನದನ್ನು ತಂದವರಿಗೆ ದೊರೆಯುವುದು ಸಣ್ಣ ಲಾಭ ಮಾತ್ರ. ಆಂಪ್ ತನ್ನ ಮಿತಿಯ ಹತ್ತಿರ ದುಡಿಯುತ್ತಿರುವಾಗ ಬೇಸ್ ನಾಬನ್ನು 6 ಡೆಸಿಬೆಲ್ ಏರಿಸಿದರೆ, ಆ ತಗ್ಗಿನ ಸ್ವರಗಳಿಗೆ ನಾಲ್ಕು ಪಟ್ಟು ಶಕ್ತಿ ಬೇಕಾಗುತ್ತದೆ, ಆ ಶಕ್ತಿ ಅಲ್ಲಿಲ್ಲದ ಕಾರಣ ಸದ್ದು ಒಡೆಯುತ್ತದೆ. ಲೀಡ್ ಗಿಟಾರಿನವರಿಗೆ 30 ವ್ಯಾಟ್ ಧಾರಾಳವಾಗಿ ಸಾಕಾಗುವಾಗ ಬೇಸ್‌ಗೆ 300 ವ್ಯಾಟ್ ಏಕೆ ಬೇಕು ಎಂಬ ಪ್ರಶ್ನೆಗೂ ಉತ್ತರ ಇದೇ. ಆಂಪೆಗ್ ಕಂಪನಿ 1969ರಲ್ಲಿ ಎಸ್‌ವಿಟಿ ಎಂಬ 300 ವ್ಯಾಟ್‌ನ ಆಂಪನ್ನು, ಹತ್ತಿಂಚಿನ ಎಂಟು ಸ್ಪೀಕರ್‌ಗಳಿರುವ ಪೆಟ್ಟಿಗೆಯೊಂದಿಗೆ ಹೊರತಂದದ್ದು ದೊಡ್ಡ ವೇದಿಕೆಗಳ ಈ ಅಗತ್ಯಕ್ಕಾಗಿಯೇ. ಇಂದು ಕ್ಲಾಸ್ ಡಿ ಎಂಬ, ಶಕ್ತಿಯನ್ನು ಕಡಿಮೆ ಪೋಲುಮಾಡುವ ತಂತ್ರಜ್ಞಾನದಿಂದಾಗಿ ಅಷ್ಟೇ ಶಕ್ತಿಯ ಆಂಪ್ ಎರಡು ಮೂರು ಕಿಲೊ ತೂಕದಲ್ಲಿ ದೊರೆಯುತ್ತದೆ. ಆದರೆ ಗಾಳಿಯನ್ನು ತಳ್ಳುವುದು ಸ್ಪೀಕರ್, ಆದ್ದರಿಂದ ಹಣ ಮಿತವಾಗಿದ್ದಾಗ ಒಳ್ಳೆಯ ಸ್ಪೀಕರ್ ಪೆಟ್ಟಿಗೆಗೆ ಹೆಚ್ಚು ಪಾಲು ಕೊಡಿ ಎಂದೇ ನಾನು ಹೇಳುತ್ತೇನೆ. ಒಂದೇ ಶಕ್ತಿಗೆ 3 ಡೆಸಿಬೆಲ್ ಹೆಚ್ಚು ಸದ್ದು ಮಾಡುವ ಸ್ಪೀಕರ್, ಆಂಪಿನ ಶಕ್ತಿಯನ್ನು ಇಮ್ಮಡಿ ಮಾಡಿದ್ದಕ್ಕೆ ಸಮ.

ಸ್ಪೀಕರ್ ಜೋಡಿಸುವಾಗ ಓಮ್ (ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಲೆಕ್ಕವನ್ನು ಮರೆಯಬಾರದು. ಎಂಟು ಓಮ್‌ನ ಎರಡು ಪೆಟ್ಟಿಗೆಗಳನ್ನು ಸಮಾಂತರವಾಗಿ ಜೋಡಿಸಿದರೆ ನಾಲ್ಕು ಓಮ್ ಆಗುತ್ತದೆ, ನಾಲ್ಕು ಓಮ್‌ನ ಎರಡನ್ನು ಜೋಡಿಸಿದರೆ ಎರಡು. ಆಂಪಿನ ಹಿಂದೆ ಕನಿಷ್ಠ ನಾಲ್ಕು ಓಮ್ ಎಂದು ಬರೆದಿದ್ದರೆ ಎರಡನೆಯ ಜೋಡಣೆ ಅದನ್ನು ಕೆಡಿಸಬಲ್ಲದು. ಕೇಬಲ್ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ವೃತ್ತಿಯ ಆರಂಭದ ದಿನಗಳಲ್ಲಿ, ತಾಲ್ಲೂಕು ಕೇಂದ್ರವೊಂದರ ಬಯಲಿನ ಕಾರ್ಯಕ್ರಮದಲ್ಲಿ, ಆಂಪಿನಿಂದ ಸ್ಪೀಕರಿಗೆ ಹೋಗುವ ಕೇಬಲ್ ಸಿಗದೆ ಗಿಟಾರ್ ಕೇಬಲನ್ನೇ ಸಿಕ್ಕಿಸಿದೆ, ಎರಡನೆಯ ಹಾಡಿನ ಚರಣದಲ್ಲಿ ಆಂಪ್ ಮೌನವಾಯಿತು. ಎರಡೂ ಕೇಬಲ್‌ಗಳ ತುದಿ ಒಂದೇ ಬಗೆಯದಾಗಿ ಕಾಣುತ್ತದೆ, ಆದರೆ ಗಿಟಾರ್ ಕೇಬಲಿನ ಒಳಗಿನ ಎಳೆ ತೀರ ತೆಳು, ಸ್ಪೀಕರಿನ ವಿದ್ಯುತ್ತನ್ನು ಹೊರಲು ಮಾಡಿದ್ದಲ್ಲ. ಅಂದಿನಿಂದ ನನ್ನ ಚೀಲದಲ್ಲಿ ಸ್ಪೀಕರ್ ಕೇಬಲಿಗೆ ಕೆಂಪು ಟೇಪ್ ಸುತ್ತಿರುತ್ತದೆ.

ಆಂಪನ್ನು ಎಲ್ಲಿ ಇಡಬೇಕು? 'ಬೇಸ್ ಅಲೆ ಎಂಟು ಮೀಟರ್ ಉದ್ದ, ಅಷ್ಟು ದೂರ ಹೋದ ಮೇಲೆಯೇ ಅದು ರೂಪುಗೊಳ್ಳುತ್ತದೆ, ಆದ್ದರಿಂದ ಹತ್ತಿರ ನಿಂತವರಿಗೆ ಕೇಳಿಸುವುದಿಲ್ಲ' ಎಂಬ ಮಾತು ನಮ್ಮವರಲ್ಲಿ ತುಂಬ ಪ್ರಚಲಿತವಾಗಿದೆ. ಅಲೆಯ ಉದ್ದದ ಲೆಕ್ಕ ಸರಿ, ತೀರ್ಮಾನ ತಪ್ಪು. ಹಾಗಿದ್ದಿದ್ದರೆ ಹೆಡ್‌ಫೋನಿನಲ್ಲಿ ಬೇಸ್ ಕೇಳಿಸುತ್ತಲೇ ಇರಲಿಲ್ಲ. ನಿಜವಾದ ಕಾರಣ ಸರಳ: ಮಂದ್ರ ಸ್ವರ ಎಲ್ಲ ದಿಕ್ಕಿಗೂ ಹರಡುತ್ತದೆ, ನಡುಭಾಗ ಮತ್ತು ಅದರ ಮೇಲಿನದು ಸ್ಪೀಕರ್ ಮುಖ ಮಾಡಿದ ಕಡೆಗೇ ಹೆಚ್ಚು ಸಾಗುತ್ತದೆ, ನೆಲದ ಮೇಲಿಟ್ಟ ಪೆಟ್ಟಿಗೆಯ ಮುಖವಿರುವುದು ನಮ್ಮ ಮೊಣಕಾಲಿನ ಕಡೆಗೆ. ಪೆಟ್ಟಿಗೆಯನ್ನು ಗಟ್ಟಿಯಾದ ಕುರ್ಚಿಯ ಮೇಲೋ ಸ್ಟ್ಯಾಂಡಿನ ಮೇಲೋ ಏರಿಸಿ, ಕಿವಿಯ ಕಡೆಗೆ ಓರೆಯಾಗಿಸಿದರೆ ವಾಲ್ಯೂಮ್ ಅರ್ಧಕ್ಕೆ ಇಳಿದರೂ ಪ್ರತಿ ಸ್ವರವೂ ಕಾಣುತ್ತದೆ. ನಮ್ಮಲ್ಲಿ ವೇದಿಕೆಗಳನ್ನು ಹಲಗೆ ಜೋಡಿಸಿ ಕಟ್ಟುವುದೇ ಹೆಚ್ಚು, ಅದರ ಕೆಳಗೆಲ್ಲ ಟೊಳ್ಳು. ಪೆಟ್ಟಿಗೆಯನ್ನು ನೇರವಾಗಿ ಹಲಗೆಯ ಮೇಲಿಟ್ಟರೆ ಇಡೀ ವೇದಿಕೆಯೇ ಡೋಲಿನಂತೆ ಗುಂಯ್ಗುಡುತ್ತದೆ, ಆ ಗುಂಯ್ ಗಾಯಕರ ಮೈಕಿಗೂ ನುಗ್ಗುತ್ತದೆ. ಎತ್ತರಿಸುವುದಕ್ಕೆ ಇದು ಇನ್ನೊಂದು ಕಾರಣ.

ಆದರೆ ಸಭಿಕರಿಗೆ ತಲುಪುವುದು ನಿಮ್ಮ ಆಂಪಿನ ಸದ್ದಲ್ಲ, ಡಿಐ ಬಾಕ್ಸ್ ಎಂಬ ಪುಟ್ಟ ಪೆಟ್ಟಿಗೆಯ ಮೂಲಕ ಧ್ವನಿ ಮಿಕ್ಸರಿಗೆ ಹೋಗುವ ಸದ್ದು. ಗಿಟಾರ್ ಕೇಬಲನ್ನು ಐವತ್ತು ಅಡಿ ಎಳೆದರೆ ದಾರಿಯುದ್ದಕ್ಕೂ ಗದ್ದಲ ಸೇರಿಕೊಳ್ಳುತ್ತದೆ ಮತ್ತು ಮೇಲಿನ ಸ್ವರಗಳು ಸೊರಗುತ್ತವೆ, ಡಿಐ ಬಾಕ್ಸ್ ಆ ದನಿಯನ್ನು ಮೈಕ್ ಕೇಬಲಿನಲ್ಲಿ ದೂರ ಸಾಗಬಲ್ಲ ರೂಪಕ್ಕೆ ತರುತ್ತದೆ. ಬಾಡಿಗೆಯ ಬಾಕ್ಸ್ ಹೇಗಿರುತ್ತದೋ ಹೇಳಲಾಗದ್ದರಿಂದ ನಾನು ನನ್ನದನ್ನೇ ಒಯ್ಯುತ್ತೇನೆ, ಬೇಸ್ ವಾದಕರು ಗಿಟಾರಿನ ನಂತರ ಕೊಳ್ಳಬೇಕಾದ ಮೊದಲ ವಸ್ತು ಇದೇ ಎಂಬುದು ನನ್ನ ಅಭಿಪ್ರಾಯ. ಜನರೇಟರ್ ಮತ್ತು ಬೆಳಕಿನ ಡಿಮ್ಮರ್‌ಗಳಿರುವ ಕಡೆ 'ಹಮ್' (ಎಡೆಬಿಡದ ಗುಂಯ್ ಸದ್ದು) ಬಂದರೆ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ (ಮೈಕ್ ಕೇಬಲಿನ ಗ್ರೌಂಡನ್ನು ಬಿಡಿಸುವ ಗುಂಡಿ) ಒತ್ತಿ ನೋಡಿ. ಫೆಂಡರ್ ಕಂಪನಿಯ ಜಾಝ್ ಬೇಸ್ ಮಾದರಿಯ ಗಿಟಾರಾದರೆ ತಂತಿಯ ಕಂಪನವನ್ನು ಹಿಡಿಯುವ ಎರಡೂ ಪಿಕಪ್‌ಗಳ ವಾಲ್ಯೂಮನ್ನು ಪೂರ್ತಿ ತೆರೆಯಿರಿ, ಒಂದರ ಹಮ್ ಇನ್ನೊಂದನ್ನು ಅಳಿಸುತ್ತದೆ. ಆದರೆ ಹಮ್ ಹೋಗಲಿ ಎಂದು ಪ್ಲಗ್ಗಿನ ಅರ್ಥ್ ಪಿನ್ನನ್ನು ಮುರಿಯುವುದು, ಎರಡು ಪಿನ್ನಿನ ಅಡಾಪ್ಟರ್ ಹಾಕುವುದು, ಇವನ್ನು ಯಾರು ಹೇಳಿದರೂ ಮಾಡಬೇಡಿ. ಮಳೆಗೆ ನೆನೆದ ವೇದಿಕೆಯ ಮೇಲೆ ತಂತಿ ಹಿಡಿದ ಕೈಯೊಂದಿಗೆ ಮೈಕಿಗೆ ತುಟಿ ತಾಕಿದರೆ ಜೀವಕ್ಕೇ ಅಪಾಯ.

ಸುಗಮ ಸಂಗೀತಕ್ಕೆ ನುಡಿಸುವವರಿಗೆ ಇನ್ನೊಂದು ತೊಡಕಿದೆ. ತಬಲಾದ ಡಗ್ಗಾ (ಎಡಗೈಯಲ್ಲಿ ನುಡಿಸುವ ದೊಡ್ಡ ಭಾಗ) ಮತ್ತು ಬೇಸ್ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಕೂರುತ್ತವೆ, ಡಗ್ಗಾದ ಮೀಂಡ್ (ಜಾರುವ ನಾದ) ಕೇಳಿಸಬೇಕಾದರೆ ಬೇಸ್ ಅಲ್ಲಿಂದ ಸರಿಯಬೇಕು. ನಾನು ಸಮದ ಮೇಲೆ ಷಡ್ಜವನ್ನಿಟ್ಟು, ಡಗ್ಗಾ ಮಾತಾಡುವಾಗ ಸ್ವರವನ್ನು ನಿಲ್ಲಿಸಿಬಿಡುತ್ತೇನೆ. ಶ್ರುತಿ ಬಿಳಿ ಐದಾದರೆ (ಹಾರ್ಮೋನಿಯಂನ ಐದನೆಯ ಬಿಳಿ ಮನೆ, ಜಿ) ಮಂದ್ರದ ಷಡ್ಜ 'ಇ' ತಂತಿಯ ಮೂರನೆಯ ಫ್ರೆಟ್ಟಿನಲ್ಲಿ (ಗಿಟಾರಿನ ಕತ್ತಿನ, ಅಂದರೆ ನೆಕ್ಕಿನ, ಮೇಲಿರುವ ಲೋಹದ ಅಡ್ಡಪಟ್ಟಿ) 49 ಹರ್ಟ್ಸ್‌ಗೆ ದೊರೆಯುತ್ತದೆ. ಶ್ರುತಿ ಬಿಳಿ ಒಂದಾದರೆ (ಸಿ) ನಾಲ್ಕು ತಂತಿಯಲ್ಲಿ ಸಿಗುವ ಅತಿ ತಗ್ಗಿನ ಷಡ್ಜ 65 ಹರ್ಟ್ಸ್‌ನದು, ಅದಕ್ಕೂ ಕೆಳಗಿನದು ಬೇಕಾದರೆ ಐದು ತಂತಿಯ ಗಿಟಾರ್ ಬೇಕು. ಆದರೆ ಆ ಕೆಳಗಿನ ಷಡ್ಜ 33 ಹರ್ಟ್ಸ್‌ಗಿಂತಲೂ ತುಸು ಕಡಿಮೆ, ಬಾಡಿಗೆಗೆ ಬರುವ ಸಾಮಾನ್ಯ ಸ್ಪೀಕರ್ ಅದನ್ನು ನುಡಿಯಲಾರದು. ಐದನೆಯ ತಂತಿಗಾಗಿ ಸಾಲ ಮಾಡುವ ಮೊದಲು ಇದನ್ನು ಯೋಚಿಸಬೇಕು.

ವಾದ್ಯದ ಹದದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿ ಎರಡರಿಂದ ಎರಡೂವರೆ ಮಿಲಿಮೀಟರ್ ಎತ್ತರದಲ್ಲಿರಲಿ. ಬೆಂಗಳೂರಿನಿಂದ ಮಂಗಳೂರಿಗೆ ಹೋದರೆ ಅಲ್ಲಿನ ತೇವಕ್ಕೆ ನೆಕ್ ಬಾಗುವುದು ಸಹಜ, ಅದನ್ನು ನೆಟ್ಟಗಾಗಿಸಲು ಒಳಗಿರುವ ಟ್ರಸ್ ರಾಡ್ ಎಂಬ ಸರಳನ್ನು ಒಂದೇ ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಆ್ಯಕ್ಟಿವ್ ಗಿಟಾರಾದರೆ ನುಡಿಸಿದ ಮೇಲೆ ಕೇಬಲ್ ಕಿತ್ತಿಡಿ, ಸಿಕ್ಕಿಸಿಯೇ ಬಿಟ್ಟರೆ ಒಳಗಿನ 9 ವೋಲ್ಟ್ ಬ್ಯಾಟರಿ ತಾನಾಗಿ ಮುಗಿದುಹೋಗುತ್ತದೆ.

ಉಳಿದದ್ದೆಲ್ಲ ಕೈಯದು. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೊದಲ್ಲಿ ನುಡಿಸುತ್ತಿದ್ದ ಜೇಮ್ಸ್ ಜೇಮರ್ಸನ್ ಮತ್ತು ಫ್ಲಾರಿಡಾದ ಜಾಕೊ ಪಾಸ್ಟೋರಿಯಸ್ ಎಂಬ ಬೇಸ್ ವಾದಕರಿಬ್ಬರೂ 1960ರ ದಶಕದ ಆರಂಭದ ಫೆಂಡರ್ ಗಿಟಾರ್‌ಗಳಿಂದಲೇ ಹೆಸರಾದವರು. ಜೇಮರ್ಸನ್ ಚಪ್ಪಟೆ ಸುತ್ತಿನ ಹಳೆಯ ತಂತಿಗಳನ್ನು ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು, ಬ್ರಿಡ್ಜಿನ (ಗಿಟಾರಿನ ಒಡಲಿನ ಮೇಲೆ ತಂತಿಗಳು ಕೂರುವ ಪಟ್ಟಿ) ಬಳಿ ತಂತಿಗೆ ಒತ್ತಿಕೊಂಡಂತೆ ಸ್ಪಂಜು ಇರುತ್ತಿತ್ತು. ಜಾಕೊ ಫ್ರೆಟ್ ತೆಗೆದ ಗಿಟಾರಿನಲ್ಲಿ ದುಂಡು ಸುತ್ತಿನ ತಂತಿಗಳನ್ನು ಬ್ರಿಡ್ಜಿನ ಹತ್ತಿರ ಮೀಟುತ್ತಿದ್ದರು. ಒಬ್ಬರ ಸ್ವರ ಮೆತ್ತಗೆ ಬಿದ್ದು ಅಲ್ಲೇ ನಿಲ್ಲುತ್ತದೆ, ಇನ್ನೊಬ್ಬರದು ದೀರ್ಘವಾಗಿ ಹಾಡುತ್ತದೆ. ನಿಮ್ಮ ಗಿಟಾರಿನಲ್ಲೇ ಬಲಗೈಯನ್ನು ನೆಕ್ಕಿನ ಕಡೆಯಿಂದ ಬ್ರಿಡ್ಜಿನ ಕಡೆಗೆ ಒಂದು ಗೇಣು ಸರಿಸಿ ನೋಡಿ, ಯಾವ ನಾಬೂ ಕೊಡದಷ್ಟು ಬದಲಾವಣೆ ಕೇಳಿಸುತ್ತದೆ.

ಹೊಸಬರಲ್ಲಿ ನಾನು ಮೊದಲು ತಿದ್ದುವುದು ಎರಡು ಅಭ್ಯಾಸಗಳನ್ನು. ಒಂದು, ತಂತಿಯನ್ನು ಬಲವಾಗಿ ಎಳೆಯುವುದು. ಬಲವಾಗಿ ಎಳೆದ ತಂತಿ ಫ್ರೆಟ್ಟಿಗೆ ಬಡಿದು ಸ್ವರದ ಬದಲು ಸಪ್ಪಳ ಕೊಡುತ್ತದೆ. ಆಂಪಿನ ವಾಲ್ಯೂಮನ್ನು ಒಂದು ಹೆಜ್ಜೆ ಹೆಚ್ಚಿಸಿ, ಬೆರಳಿನ ಬಲವನ್ನು ಅರ್ಧಕ್ಕೆ ಇಳಿಸಬೇಕು. ಇನ್ನೊಂದು, ನುಡಿಸದ ತಂತಿಗಳನ್ನು ಸುಮ್ಮನೆ ಕಂಪಿಸಲು ಬಿಡುವುದು. ಮೇಲಿನ ಸ್ವರದ ತಂತಿ ನುಡಿಸುವಾಗ ತಗ್ಗಿನ ಸ್ವರದ 'ಇ' ತಂತಿ ಜೊತೆಗೂಡಿ ಗುನುಗುತ್ತಿರುತ್ತದೆ, ಮನೆಯಲ್ಲಿ ಅದು ಗಮನಕ್ಕೆ ಬಾರದು, 300 ವ್ಯಾಟ್‌ನಲ್ಲಿ ಅದೇ ಇಡೀ ಪದರವನ್ನು ಕಲಕುತ್ತದೆ. ಬಲಗೈ ಹೆಬ್ಬೆರಳು ಪಿಕಪ್ಪಿನ ಮೇಲೆ ನೆಲೆಯೂರದೆ, ನುಡಿಸುತ್ತಿರುವ ತಂತಿಯ ಕೆಳಗಿನ ಸ್ವರದ ತಂತಿಗಳ ಮೇಲೆ ಒರಗಿಕೊಂಡು ಜಾರುತ್ತಿರಬೇಕು. ಎಡಗೈಯ ಬಿಡುವಾದ ಬೆರಳುಗಳು ಉಳಿದ ತಂತಿಗಳನ್ನು ಹಗುರಾಗಿ ಮುಟ್ಟಿಕೊಂಡಿರಬೇಕು.

ಇದಕ್ಕೆ ನಾನು ಕೊಡುವ ಪಾಠ ಒಂದೇ. ಲಯದ ಎಣಿಕೆ ಕೊಡುವ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಒಂದು ಸ್ವರವನ್ನು ಎರಡು ಎಣಿಕೆ ಹಿಡಿದು, ಮೂರನೆಯ ಎಣಿಕೆ ಬೀಳುವ ಕ್ಷಣದಲ್ಲೇ ಎಡಗೈ ಬೆರಳನ್ನು ಪೂರ್ತಿ ಎತ್ತದೆ ತಂತಿಯ ಮೇಲೆ ಸಡಿಲಿಸಿ ನಿಲ್ಲಿಸಬೇಕು, ಮೂರು ಮತ್ತು ನಾಲ್ಕು ಪೂರ್ತಿ ಮೌನ. ದಿನಕ್ಕೆ ಹತ್ತು ನಿಮಿಷ ಮಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮೌನದ ಭಾಗವನ್ನು ಮಾತ್ರ ಕೇಳಬೇಕು. ಮೊದಲ ವಾರ ಆ ಎರಡು ಎಣಿಕೆಗಳಲ್ಲಿ ತಂತಿಗಳ ಗುನುಗು, ಬೆರಳು ಉಜ್ಜಿದ ಸದ್ದು, ತಡವಾಗಿ ನಿಂತ ಸ್ವರದ ಬಾಲ ಎಲ್ಲವೂ ಕೇಳಿಸುತ್ತವೆ. ನನ್ನ ಹೆಚ್ಚಿನ ವಿದ್ಯಾರ್ಥಿಗಳಿಗೆ ಅಲ್ಲಿ ಮೆಟ್ರೊನೋಮ್ ಮಾತ್ರ ಉಳಿಯಲು ಸುಮಾರು ಒಂದೂವರೆ ತಿಂಗಳು ಹಿಡಿದಿದೆ. ಆ ಹೊತ್ತಿಗೆ ಹೊಸ ಗಿಟಾರಿನ ಮಾತನ್ನು ಅವರು ಎತ್ತುವುದಿಲ್ಲ.