ಒಂದು ಆಕ್ಸಿಜನ್ ಕಮ್ಮಿಯಾದರೆ

ಮಳೆ ಹಿಡಿಯುವ ಮುಂಚೆ ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಬೋರ್ಡೋ, ಅಂದರೆ ಶಿಲೀಂಧ್ರ ರೋಗ ತಡೆಯುವ ಔಷಧಿ, ಹೊಡೆಯುವ ಗಡಿಬಿಡಿ. ಒಂದು ಪರ್ಸೆಂಟ್ ದ್ರಾವಣಕ್ಕೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕಲಸಿಟ್ಟು, ಸುಣ್ಣದ ನೀರಿಗೆ ಮೈಲುತುತ್ತದ ನೀರು ಸುರಿಯುತ್ತೇವೆ. ಆಮೇಲೆ ಚೆನ್ನಾಗಿ ಉಜ್ಜಿದ ಚಾಕುವನ್ನು ಡ್ರಮ್ಮಿನಲ್ಲಿ ಅದ್ದಿ ನೋಡುವುದು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಇನ್ನಷ್ಟು ಸುಣ್ಣ ಹಾಕಿ ಮತ್ತೆ ಅದ್ದಬೇಕು.

ಮೈಲುತುತ್ತ ಅಂದರೆ ಸಲ್ಫ್ಯೂರಿಕ್ ಆಮ್ಲದ ತಾಮ್ರದ ಲವಣ. ಈ ಆಮ್ಲದ ನಡುವೆ ಒಂದು ಗಂಧಕ, ಸುತ್ತ ನಾಲ್ಕು ಆಕ್ಸಿಜನ್. ಅವುಗಳಲ್ಲಿ ಎರಡಕ್ಕೆ ಒಂದೊಂದು ಹೈಡ್ರೋಜನ್ ಅಂಟಿಕೊಂಡಿರುತ್ತದೆ. ನೀರಿಗೆ ಬಿದ್ದಾಗ ಕಳಚಿಕೊಳ್ಳುವುದು ಈ ಹೈಡ್ರೋಜನ್. ಇಂಥವೇ ಆಕ್ಸಿ ಆಮ್ಲಗಳು. ನೈಟ್ರಿಕ್, ಫಾಸ್ಫರಿಕ್ ಕೂಡ ಇದೇ ಮನೆತನ. ಡ್ರಮ್ಮಿನೊಳಗೆ, ಹೈಡ್ರೋಜನ್ ಕಳಚಿದರೆ ಈ ಆಮ್ಲದಲ್ಲಿ ಉಳಿಯುವ ಭಾಗವಾದ ಸಲ್ಫೇಟು, ತಾಮ್ರವನ್ನು ಬಿಟ್ಟು ಸುಣ್ಣದ ಕ್ಯಾಲ್ಸಿಯಂ ಜೊತೆ ಸೇರಿ ಜಿಪ್ಸಂ ಆಗುತ್ತದೆ. ಆಗಲೂ ಗಂಧಕದ ಸುತ್ತ ಆ ನಾಲ್ಕು ಆಕ್ಸಿಜನ್ ಹಾಗೇ ಇರುತ್ತವೆ.

ನಾವು ಆಕ್ಸಿಜನ್ನಿಗೆ 'ಆಮ್ಲಜನಕ' ಅನ್ನುತ್ತೇವೆ, ಅಲ್ವಾ? ಆಮ್ಲ ಹುಟ್ಟಿಸುವುದು ಅಂತ. ಎಲ್ಲ ಆಮ್ಲಗಳಲ್ಲೂ ಅದು ಇದ್ದೇ ಇರುತ್ತದೆ ಎಂದು ನಂಬಿದ್ದ ಫ್ರಾನ್ಸಿನ ರಸಾಯನ ವಿಜ್ಞಾನಿ ಲಾವಾಸಿಯೇ ಇಟ್ಟ ಹೆಸರಿನ ಅರ್ಥವೇ ಕನ್ನಡಕ್ಕೂ ಬಂದಿದೆ. 1810ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಕ್ಲೋರಿನ್ ಒಂದು ಮೂಲಧಾತು ಎಂದು ತೋರಿಸಿದ ಮೇಲೆ ಆ ನಂಬಿಕೆ ಬಿದ್ದುಹೋಯಿತು. ಬಚ್ಚಲು ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಿರುವುದು ಹೈಡ್ರೋಜನ್, ಕ್ಲೋರಿನ್ ಎರಡೇ; ಆಕ್ಸಿಜನ್ ಇಲ್ಲವೇ ಇಲ್ಲ.

ಆದರೂ ಆ ಹೆಸರು ಸುಮ್ನೆ ಬಂದದ್ದಲ್ಲ ಅಂತಲೇ ನನಗೆ ಅನ್ನಿಸುತ್ತದೆ. ಆಕ್ಸಿಜನ್ ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಜೋರಾಗಿ ಎಳೆದುಕೊಳ್ಳುತ್ತದೆ. ಹೈಡ್ರೋಜನ್ನಿನ ಹಿಡಿತ ಸಡಿಲವಾಗುವುದು ಅದರಿಂದಲೇ. ಕ್ಲೋರಿನ್ ಜೊತೆ ಒಂದೇ ಆಕ್ಸಿಜನ್ ಇದ್ದರೆ ಸಿಗುವುದು ತೀರಾ ಸಪ್ಪೆ ಆಮ್ಲ. ನಾಲ್ಕು ಇದ್ದರೆ ಪರ್ಕ್ಲೋರಿಕ್ ಆಮ್ಲ, ಅದರ ಜೋರಿಗೆ ಸಲ್ಫ್ಯೂರಿಕ್ ಕೂಡ ಸಾಟಿಯಲ್ಲ.

ನನಗೆ ಜಾಸ್ತಿ ಬೆರಗು ಹುಟ್ಟಿಸುವುದು ರಂಜಕ, ಅಂದರೆ ಫಾಸ್ಫರಸ್. ಫಾಸ್ಫರಿಕ್ ಆಮ್ಲದಲ್ಲಿ ನಾಲ್ಕು ಆಕ್ಸಿಜನ್, ಫಾಸ್ಫರಸ್ ಆಮ್ಲದಲ್ಲಿ ಮೂರು. ಹೈಡ್ರೋಜನ್ ಎರಡರಲ್ಲೂ ಮೂರೇ. ಆದರೆ ಫಾಸ್ಫರಸ್ ಆಮ್ಲದಲ್ಲಿ ಒಂದು ಹೈಡ್ರೋಜನ್ ನೇರವಾಗಿ ರಂಜಕಕ್ಕೇ ಅಂಟಿದೆ. ನಡುವೆ ಆಕ್ಸಿಜನ್ ಇಲ್ಲ. ಹಾಗಾಗಿ ಅದು ನೀರಿನಲ್ಲಿ ಜಪ್ಪಯ್ಯ ಅಂದರೂ ಕಳಚುವುದಿಲ್ಲ.

ತೋಟಕ್ಕೆ ಬಂದರೆ ಈ ಒಂದು ಆಕ್ಸಿಜನ್ನಿನ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಫಾಸ್ಫರಿಕ್ ಆಮ್ಲದ ಲವಣ ಫಾಸ್ಫೇಟು, ಕಾಫಿ ಗಿಡದ ಬುಡಕ್ಕೆ ಹಾಕುವ ಗೊಬ್ಬರ. ಫಾಸ್ಫರಸ್ ಆಮ್ಲದ ಲವಣ ಗಿಡಕ್ಕೆ ಗೊಬ್ಬರವಾಗಿ ದಕ್ಕುವುದೇ ಇಲ್ಲ. ಅದೇ ಪೊಟ್ಯಾಸಿಯಂ ಫಾಸ್ಫೊನೇಟ್. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಗೆ ಸೊರಗು ರೋಗ ಬಾರದಿರಲಿ ಅಂತ ಎಲೆಗೆ ಸಿಂಪಡಿಸಿ, ಬುಡಕ್ಕೂ ಹುಯ್ಯುವ ಔಷಧಿ.