ಅಂಟು ಬಿಟ್ಟ ಟೇಪು, ಆಸೆ ಬಿಡದ ಅಭಿಮಾನಿಗಳು

ಡೀಪ್ ಪರ್ಪಲ್ ಎಂಬ ಬ್ರಿಟಿಷ್ ರಾಕ್ ತಂಡದ 1972ರ ಆಲ್ಬಂ ‘ಮೆಷಿನ್ ಹೆಡ್’ 2024ರಲ್ಲಿ ಡಿಲಕ್ಸ್ ಪೆಟ್ಟಿಗೆಯಾಗಿ ಮತ್ತೆ ಬಂತು. ಹಾಡುಗಳನ್ನು ಹೊಸದಾಗಿ ಮಿಕ್ಸ್ ಮಾಡಿದವರು ಡ್ವೀಜಿಲ್ ಝಪ್ಪಾ. 1971ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋ ಕ್ಯಾಸಿನೋ ಹೊತ್ತಿ ಉರಿದಾಗ ವೇದಿಕೆಯ ಮೇಲಿದ್ದ ಫ್ರಾಂಕ್ ಝಪ್ಪಾ ಇವರ ಅಪ್ಪ. ಆ ಹೊಗೆ ಸರೋವರದ ಮೇಲೆ ಹಬ್ಬಿದ್ದನ್ನು ಕಂಡೇ ಈ ಆಲ್ಬಮ್ಮಿನ ‘ಸ್ಮೋಕ್ ಆನ್ ದ ವಾಟರ್’ ಹಾಡು ಹುಟ್ಟಿದ್ದು. ಗಿಟಾರು ಹಿಡಿದ ಹುಡುಗರು ಮೊದಲು ಕಲಿಯುವುದೇ ಅದನ್ನು, ಹಾಗಾಗಿ ಕಥೆ ಬೆಳೆಸುವುದಿಲ್ಲ.

ಆ ಪೆಟ್ಟಿಗೆ ಬಂದಾಗಿನಿಂದ ಮೈಸೂರಿನ ಪರ್ಪಲ್ ಅಭಿಮಾನಿಗಳ ಆಸೆಗೆ ಕೊನೆಯಿಲ್ಲ. ಸರಸ್ವತಿಪುರಂನ ಗೆಳೆಯನೊಬ್ಬನಿಗೆ 1984ರ ‘ಪರ್ಫೆಕ್ಟ್ ಸ್ಟ್ರೇಂಜರ್ಸ್’ಗೂ ಇಂಥದೇ ಆಗಬೇಕು. “ಟೇಪು ಎಲ್ಲೋ ಬೀರುವಿನಲ್ಲಿದೆ ಕಣೋ, ತೆಗೆದು ಕಂಪ್ಯೂಟರಿಗೆ ಹಾಕೋಕೆ ಕಂಪನಿಯವರಿಗೆ ಜಿಪುಣತನ” ಅನ್ನುವುದು ಅವನ ವಾದ. ಕಂಪನಿಗಳೇನೂ ಧರ್ಮಛತ್ರ ನಡೆಸುತ್ತಿಲ್ಲ, ಒಪ್ಪಿದೆ. ಆದರೆ ಬೀರುವಿನಲ್ಲಿಟ್ಟ ಟೇಪು ಇಟ್ಟ ಹಾಗೇ ಇರುತ್ತದೆ ಎಂಬ ನಂಬಿಕೆ ಇದೆಯಲ್ಲ, ನನ್ನ ತಕರಾರು ಅದರ ಮೇಲೆ.

ಎಪ್ಪತ್ತರ ದಶಕದ ಸ್ಟುಡಿಯೋಗಳಲ್ಲಿ ಎರಡು ಇಂಚು ಅಗಲದ ಟೇಪಿನ ಮೇಲೆ 16 ಅಥವಾ 24 ಟ್ರ್ಯಾಕುಗಳು ಅಕ್ಕಪಕ್ಕ ಸಾಗುತ್ತಿದ್ದವು. ಡ್ರಮ್ಮಿಗೆ ಕೆಲವು, ಬೇಸ್‌ಗೆ ಒಂದು, ಗಿಟಾರಿಗೆ, ಆರ್ಗನ್ನಿಗೆ, ಗಾಯಕನ ದನಿಗೆ ಬೇರೆ ಬೇರೆ. ಇದು ಮಲ್ಟಿಟ್ರ್ಯಾಕ್. ಇಷ್ಟನ್ನೂ ಹದವಾಗಿ ಬೆರೆಸಿ ಎಡ-ಬಲ ಎರಡೇ ಟ್ರ್ಯಾಕಿಗೆ ಇಳಿಸಿದ್ದು ಮಾಸ್ಟರ್. ಮಾಸ್ಟರ್ ಒಂದೇ ಕೈಯಲ್ಲಿದ್ದರೆ ಒಟ್ಟು ದನಿಯನ್ನು ತಿದ್ದಿತೀಡಿ ರೀಮಾಸ್ಟರ್ ಮಾಡಬಹುದು, ಅಷ್ಟೇ. (ಎಷ್ಟೋ ರೀಮಾಸ್ಟರುಗಳಲ್ಲಿ ಮಾಡಿರುವುದು ಸದ್ದು ಜೋರಾಗಿಸುವ ಕೆಲಸ ಮಾತ್ರ. ದುಡ್ಡು ಕೊಟ್ಟು ಕಿವಿನೋವು ತಂದುಕೊಂಡ ಹಾಗೆ.) ಆರ್ಗನ್ ಒಂದನ್ನೇ ಮೇಲೆತ್ತಬೇಕೆಂದರೆ ಮಲ್ಟಿಟ್ರ್ಯಾಕೇ ಬೇಕು. ಅದು ರೀಮಿಕ್ಸ್.

ಇದಕ್ಕೆ ನಮ್ಮೂರಿನದೇ ಉದಾಹರಣೆ ಇದೆ. ಜಯಚಾಮರಾಜ ಒಡೆಯರ್ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಹುಚ್ಚು ಹತ್ತಿಸಿಕೊಂಡಿದ್ದವರು. ಇಂಗ್ಲೆಂಡಿನಲ್ಲಿ ನೆಲೆಸಿ, ಮುಪ್ಪಿನಲ್ಲಿ ಹೆಚ್ಚು ಕಡಿಮೆ ಮರೆತೇಹೋಗಿದ್ದ ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ಧ್ವನಿಮುದ್ರಣವಾಗಲೆಂದು 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟರು. ಮೆಟ್ನರ್ ತಾವೇ ಪಿಯಾನೋ ನುಡಿಸಿದರು, ಎಚ್‌ಎಂವಿ ಅದನ್ನು 78 ಆರ್‌ಪಿಎಂ ಪ್ಲೇಟುಗಳಾಗಿ ಹೊರತಂದಿತು. ಮೂರನೆಯ ಪಿಯಾನೋ ಕನ್ಸರ್ಟೊವನ್ನು ಮೆಟ್ನರ್ ಅರ್ಪಿಸಿದ್ದು ಮೈಸೂರಿನ ಮಹಾರಾಜರಿಗೆ. ಮುಂದೆ ಈ ಮುದ್ರಣಗಳು ಸಿಡಿಗೂ ಬಂದವು. ಆದರೆ ಗರಗರ ಸದ್ದು ಕಳೆಯುವುದನ್ನು ಬಿಟ್ಟರೆ ಎಂಜಿನಿಯರುಗಳಿಗೆ ಮಾಡಲು ಹೆಚ್ಚೇನೂ ಇರಲಿಲ್ಲ. ಪಿಯಾನೋ ಮತ್ತು ವಾದ್ಯವೃಂದ ಒಂದೇ ಗೆರೆಯಲ್ಲಿ ಕೊರೆದುಹೋಗಿದ್ದವು.

ಟೇಪಿನ ಕಥೆಯೇ ಬೇರೆ. ಪಾಲಿಯೆಸ್ಟರ್ ಪಟ್ಟಿಯ ಒಂದು ಮುಖಕ್ಕೆ ಕಬ್ಬಿಣದ ಆಕ್ಸೈಡ್ ಪುಡಿ ಬಳಿದಿರುತ್ತಾರೆ. ಸಂಗೀತವಿರುವುದು ಆ ಪುಡಿಯ ಕಾಂತೀಯ ಕಣಗಳಲ್ಲಿ. ಪುಡಿ ಪಟ್ಟಿಗೆ ಕಚ್ಚಿಕೊಂಡಿರಲು ಒಂದು ಅಂಟು ಬೇಕು. ಎಪ್ಪತ್ತರ ದಶಕದ ಮಧ್ಯದಿಂದ ಹಲವು ಟೇಪುಗಳಲ್ಲಿ ಈ ಅಂಟು ಪಾಲಿಯುರೆಥೇನ್ ಜಾತಿಯದು. ಅದರ ಉದ್ದುದ್ದ ಅಣುಸರಪಳಿಗಳಲ್ಲಿ ಎಸ್ಟರ್ ಎಂಬ ಕೊಂಡಿಗಳಿವೆ. ಗಾಳಿಯ ತೇವ ಒಳಗೆ ಇಳಿದರೆ ನೀರಿನ ಅಣು ಈ ಕೊಂಡಿಯನ್ನು ಕತ್ತರಿಸುತ್ತದೆ. ಕತ್ತರಿಸಿದ ಕಡೆ ಒಂದು ತುದಿಗೆ ಆಮ್ಲ, ಇನ್ನೊಂದು ತುದಿಗೆ ಆಲ್ಕೊಹಾಲ್. ಆ ಆಮ್ಲ ಸುಮ್ಮನಿರುವುದಿಲ್ಲ, ಪಕ್ಕದ ಕೊಂಡಿ ಕಳಚುವುದಕ್ಕೂ ಅದೇ ವೇಗ ಕೊಡುತ್ತದೆ. ಹೀಗೆ ಉದ್ದನೆಯ ಸರಪಳಿಗಳು ತುಂಡು ತುಂಡಾದಾಗ ಗಟ್ಟಿಯಾಗಿದ್ದ ಅಂಟು ಜಿಗುಟಾಗುತ್ತದೆ. ಅಂಥ ಟೇಪನ್ನು ಯಂತ್ರಕ್ಕೆ ಹಾಕಿದರೆ ಕಿರ್‍ರೆಂದು ಕಿರುಚುತ್ತದೆ, ಟೇಪನ್ನು ಓದುವ ಹೆಡ್ಡಿನ ಮೇಲೆ ಕಂದು ಮೇಣದಂಥ ಕೊಳೆ ಕೂರುತ್ತದೆ. ಒರೆಸಿದ ಹತ್ತಿ ಕಂದಾದರೆ, ಆ ಕಂದುಬಣ್ಣವೇ ನಿಮ್ಮ ಹಾಡು.

ತಮಾಷೆಯೆಂದರೆ ಅರವತ್ತರ ದಶಕದ ಟೇಪುಗಳಿಗೆ ಈ ರೋಗ ಇಲ್ಲವೆನ್ನುವಷ್ಟು ಕಡಿಮೆ. ಸುಧಾರಿತ ಮಾಲು ಎಂದು ಹೊಗಳಿಸಿಕೊಂಡ ಆಂಪೆಕ್ಸ್ 406, 456ರಂಥವೇ ಹೆಚ್ಚು ನರಳಿದ್ದು. ಹಾಗಾಗಿ 1966ರ ಹಾಡು ಸಲೀಸಾಗಿ ನುಡಿಯಬಹುದು, 1980ರದು ಬಾಯಿ ಬಿಡದೆ ಹಟ ಹಿಡಿಯಬಹುದು.

ಪರಿಹಾರವಿದೆ, ಅದಕ್ಕೆ ಪೇಟೆಂಟ್ ಪಡೆದದ್ದೂ ಆಂಪೆಕ್ಸ್ ಕಂಪನಿಯೇ: ಟೇಪನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್ ಒಣಶಾಖದಲ್ಲಿ ಎಂಟು ಗಂಟೆಯೋ ಇನ್ನೂ ಹೆಚ್ಚೋ ಇಡುವುದು. ಎರಡು ಇಂಚಿನ ದಪ್ಪ ಸುರುಳಿಗೆ ಇನ್ನಷ್ಟು ಹೊತ್ತು ಬೇಕು. ಮಳೆಗಾಲದಲ್ಲಿ ಮೆತ್ತಗಾದ ಹಪ್ಪಳವನ್ನು ಮತ್ತೆ ಬಿಸಿಲಿಗೆ ಹಾಕುತ್ತೇವಲ್ಲ, ತತ್ತ್ವ ಅದೇ. ಆದರೆ ತೇವ ಆರಿತೆಂದು ಕತ್ತರಿಸಿದ ಕೊಂಡಿಗಳು ಕೂಡಿಕೊಳ್ಳುವುದಿಲ್ಲ. ಕೆಲವು ವಾರವೋ ತಿಂಗಳೋ ಕಳೆದರೆ ಮತ್ತೆ ಜಿಗುಟು. ಅಷ್ಟರೊಳಗೆ ಟೇಪನ್ನು ಓಡಿಸಿ ಡಿಜಿಟಲ್‌ಗೆ ಇಳಿಸಿಬಿಡಬೇಕು. ಒಂದು ಆಲ್ಬಮ್ಮಿಗೆ ಇಂಥ ಸುರುಳಿಗಳು ಹಲವಾರು. ಅವನ್ನು ಹುಡುಕಿ, ಒಣಗಿಸಿ, ಸುಸ್ಥಿತಿಯಲ್ಲಿರುವ ಹಳೆಯ ಯಂತ್ರ ಹೊಂದಿಸಿ, ಅದನ್ನು ಬಲ್ಲವರನ್ನು ಕೂರಿಸುವ ಖರ್ಚು ಪೆಟ್ಟಿಗೆ ಮಾರಾಟವಾಗುವ ಮೊದಲೇ ಬೀಳುತ್ತದೆ.

ಇದನ್ನು ಅಲ್ಲಿ ಇಲ್ಲಿ ಓದಿದ ಕೆಲವರು ಮನೆಯ ಕ್ಯಾಸೆಟ್ಟನ್ನು ಮೈಕ್ರೋವೇವಿಗೆ ಹಾಕಲು ಹೊರಡುತ್ತಾರೆ. ದಯವಿಟ್ಟು ಬೇಡ. ಸಾಮಾನ್ಯ ಕ್ಯಾಸೆಟ್ಟುಗಳಿಗೆ ಈ ಕಾಯಿಲೆ ಅಪರೂಪ, ಜೊತೆಗೆ ಅದರೊಳಗೆ ಲೋಹದ ಚೂರುಗಳಿವೆ. ತೀರಾ ಹಳೆಯ ಅಸಿಟೇಟ್ ಸ್ಪೂಲುಗಳಂತೂ ಶಾಖಕ್ಕೆ ಮುರುಟಿಹೋಗುತ್ತವೆ.

ಇನ್ನೊಂದು ಮೂಢನಂಬಿಕೆ ಪೆಟ್ಟಿಗೆಯ ಮೇಲೆ ಹೊಳೆಯುವ ‘192 ಕಿಲೋಹರ್ಟ್ಸ್’ ಎಂಬ ಸಂಖ್ಯೆಯದು. ದನಿಯನ್ನು ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೆದು ಮಾದರಿ ತೆಗೆದಿದ್ದಾರೆ ಎಂದು ಅದು ಹೇಳುತ್ತದೆ. ಸಿಡಿಯಲ್ಲಿ ಸೆಕೆಂಡಿಗೆ 44,100 ಮಾದರಿಗಳು. ಅದರ ಅರ್ಧದವರೆಗಿನ, ಅಂದರೆ ಸುಮಾರು 22 ಸಾವಿರ ಹರ್ಟ್ಸ್‌ವರೆಗಿನ ಕಂಪನಗಳನ್ನು ಅದು ಪೂರ್ತಿ ಹಿಡಿದಿಡಬಲ್ಲದು. ಮನುಷ್ಯನ ಕಿವಿಯ ಮಿತಿ 20 ಸಾವಿರ, ಅದೂ ಎಳೆಯ ವಯಸ್ಸಿನಲ್ಲಿ. ಐವತ್ತು ದಾಟಿದ ಪರ್ಪಲ್ ಅಭಿಮಾನಿಯನ್ನು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದರೆ, 8 ಸಾವಿರ ಹರ್ಟ್ಸ್‌ವರೆಗಿನ ಮಾಮೂಲಿ ಪರೀಕ್ಷೆಯಲ್ಲೇ ಅವನ ಗರ್ವ ಸ್ವಲ್ಪ ಇಳಿಯಬಹುದು. ಹೆಚ್ಚಿನ ದರ ಸ್ಟುಡಿಯೋ ಕೆಲಸಕ್ಕೆ ಅನುಕೂಲ. ಕೇಳುವವನಿಗೆ ಅದರಿಂದ ಬರುವುದು ದೊಡ್ಡ ಬಿಲ್ಲು.

ಮಲ್ಟಿಟ್ರ್ಯಾಕ್ ಇಲ್ಲದಿದ್ದರೂ ರೀಮಿಕ್ಸ್ ಮಾಡುವ ದಾರಿ ಈಗ ತೆರೆದಿದೆ. ಬೀಟಲ್ಸ್ ತಂಡದ ‘ರಿವಾಲ್ವರ್’ (1966) ಮುದ್ರಣವಾದದ್ದು ನಾಲ್ಕೇ ಟ್ರ್ಯಾಕಿನ ಟೇಪಿನ ಮೇಲೆ. ‘ಟ್ಯಾಕ್ಸ್‌ಮನ್’ ಹಾಡಿನ ಡ್ರಮ್ಮು, ಬೇಸ್, ಗಿಟಾರು ಒಂದೇ ಟ್ರ್ಯಾಕಿನಲ್ಲಿ ಬೆರೆತಿದ್ದವು. ಸಿನಿಮಾ ನಿರ್ದೇಶಕ ಪೀಟರ್ ಜಾಕ್ಸನ್ ತಂಡದ ತಂತ್ರಾಂಶ ಅವನ್ನು ಬಿಡಿಸಿಕೊಟ್ಟಿತು, 2022ರಲ್ಲಿ ಜೈಲ್ಸ್ ಮಾರ್ಟಿನ್ ಹೊಸ ಮಿಕ್ಸ್ ತಂದರು. ಇಂಥ ತಂತ್ರಾಂಶಗಳು ದನಿಯನ್ನು ಚಿಕ್ಕ ಚಿಕ್ಕ ಕ್ಷಣಗಳಾಗಿ ಸೀಳಿ, ಪ್ರತಿ ಕ್ಷಣದ ಪ್ರತಿ ಕಂಪನದಲ್ಲಿ ಯಾವ ವಾದ್ಯದ ಪಾಲು ಎಷ್ಟು ಎಂದು ಅಂದಾಜು ಮಾಡುತ್ತವೆ. ಬಿಡಿ ಬಿಡಿ ವಾದ್ಯಗಳ ಅಸಂಖ್ಯ ಮಾದರಿಗಳನ್ನು ಮೊದಲೇ ಕೇಳಿಸಿ ಪಳಗಿಸಿರುವುದರಿಂದ ಅಂದಾಜು ಚೆನ್ನಾಗಿಯೇ ಕೂರುತ್ತದೆ. ಸಿಂಬಲ್ಲಿನ ಝಣತ್ಕಾರವೂ ಗಿಟಾರಿನ ಕರ್ಕಶವೂ ಒಂದರ ಮೇಲೊಂದು ಬಿದ್ದ ಕಡೆ ಮಾತ್ರ ಎರಡರ ಅಂಚೂ ಕಲಸಿಹೋಗುವುದುಂಟು.

ಆದರೆ ಅಭಿಮಾನಿಗಳು ನಿಜವಾಗಿ ಹಂಬಲಿಸುವುದು ಕೇಳಿದ ಹಾಡಿಗಲ್ಲ. ಅರ್ಧಕ್ಕೆ ನಿಲ್ಲಿಸಿದ ಟೇಕು, ಕೈಬಿಟ್ಟ ಹಾಡು, ನಡುವೆ ಒಬ್ಬರನ್ನೊಬ್ಬರು ಬೈದುಕೊಂಡದ್ದು, ಅವರಿಗೆ ಅದು ಬೇಕು. ಆಗ ಟೇಪು ದುಬಾರಿ, ಬೇಡವಾದ ಟೇಕಿನ ಮೇಲೆಯೇ ಮತ್ತೊಂದನ್ನು ಮುದ್ರಿಸುವುದು ವಾಡಿಕೆ. ಹೊಸ ದನಿ ಅಚ್ಚಾಗುವ ಮುನ್ನವೇ ಯಂತ್ರದ ಅಳಿಸುವ ಹೆಡ್ಡು ಆ ಕಬ್ಬಿಣದ ಕಣಗಳನ್ನೆಲ್ಲ ದಿಕ್ಕಾಪಾಲು ಮಾಡಿಬಿಡುತ್ತದೆ. ಅಲ್ಲಿಂದ ಬಿಡಿಸಿ ತರಲು ಯಾವ ತಂತ್ರಾಂಶಕ್ಕೂ ಏನೂ ಸಿಗುವುದಿಲ್ಲ.